ಬಿರುಕು ಬಿಟ್ಟ ಫೈಬರ್‌ಗ್ಲಾಸ್ ವಾಹನದ ಮೈ: ಮನೆಯಲ್ಲೇ ದುರಸ್ತಿ ಮಾಡುವ ಕ್ರಮ



ತೋಟದ ಮನೆಯಲ್ಲಿ ಜೀಪು ಕೇವಲ ಸವಾರಿಯ ವಾಹನವಲ್ಲ. ಗೊಬ್ಬರದ ಮೂಟೆ, ಔಷಧಿ ಹೊಡೆಯುವ ಪಂಪು, ಕೊಯ್ಲಿನ ಕೆಲಸದವರು, ಶಾಲೆಗೆ ಹೋಗುವ ಮಕ್ಕಳು ಎಲ್ಲರೂ ಎಲ್ಲವೂ ಅದರಲ್ಲೇ. ಮಳೆಗೆ ಕ್ಯಾನ್ವಾಸು ನಿಲ್ಲುವುದಿಲ್ಲವೆಂದು ಅನೇಕರು ಜೀಪಿಗೆ ಫೈಬರ್ ಟಾಪ್ ಕೂರಿಸಿಕೊಂಡಿದ್ದಾರೆ. ಅದು ಹಗುರ, ತುಕ್ಕು ಹಿಡಿಯದು, ಸೋರದು. ಆದರೆ ನಾಲ್ಕಾರು ವರ್ಷ ತೋಟದ ರಸ್ತೆಯಲ್ಲಿ ಓಡಿದ ಮೇಲೆ ಮೂಲೆಯಲ್ಲೋ ಬೋಲ್ಟಿನ ಸುತ್ತಲೋ ಒಂದು ಗೆರೆ ಕಾಣಿಸಿಕೊಳ್ಳುತ್ತದೆ. ಮುಂದಿನ ಮಳೆಗಾಲಕ್ಕೆ ಅದೇ ಗೆರೆಯಿಂದ ನೀರು ತೊಟ್ಟಿಕ್ಕುತ್ತದೆ.

ಇಂಥ ಬಿರುಕನ್ನು ಮನೆಯಲ್ಲೇ ಸರಿಪಡಿಸಬಹುದು. ಆದರೆ ನಾವು ಮೊದಲ ಸಲ ಕೈಹಾಕಿದಾಗ ಎರಡು ಬಾರಿ ಸೋತೆವು. ಟಾಪಿನ ಹಿಂದಿನ ಮೂಲೆಯ ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಹೊಡೆದೆವು. ಮೂರು ತಿಂಗಳಿಗೆ ಬಿಟ್ಟುಕೊಂಡಿತು. ಎರಡನೆಯ ಸಲ ಒಳಗಿನಿಂದ ಮ್ಯಾಟ್ ಅಂಟಿಸಿದೆವು. ಆ ತೇಪೆಯ ಪಕ್ಕದಲ್ಲೇ ಹೊಸ ಬಿರುಕು ಎದ್ದಿತು. ಮೂರನೆಯ ಸಲ ಟಾಪನ್ನು ಇಳಿಸಿ ನೋಡಿದಾಗ, ಆ ಮೂಲೆಯ ಬೋಲ್ಟಿಗೆ ರಬ್ಬರ್ ವಾಷರ್ ಇರಲೇ ಇಲ್ಲ ಎಂಬುದು ಕಂಡಿತು. ಜೀಪಿನ ಮೈ ತಿರುಚಿದಾಗಲೆಲ್ಲ ಆ ಒಂದು ಬೋಲ್ಟು ಟಾಪನ್ನು ಎಳೆಯುತ್ತಿತ್ತು. ವಾಷರ್ ಹಾಕಿ ಮತ್ತೆ ತೇಪೆ ಕೂರಿಸಿದ ಮೇಲೆ ಆ ಮೂಲೆ ಇಂದಿಗೂ ಗಟ್ಟಿಯಾಗಿದೆ.

ಆದ್ದರಿಂದ ಈ ಪಾಠದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಬಿರುಕು ಏಕೆ ಬಂತೆಂದು ತಿಳಿಯದೆ ಅದನ್ನು ಮುಚ್ಚಬಾರದು. ಮುಚ್ಚುವಾಗಲೂ ಪುಟ್ಟಿಯಿಂದಲ್ಲ, ಹೊಸ ಗಾಜಿನ ಎಳೆಯಿಂದ ಬೆಸೆಯಬೇಕು.

ಫೈಬರ್‌ಗ್ಲಾಸ್ ಎಂದರೇನು?

ಕೂದಲಿಗಿಂತ ಸಣ್ಣದಾಗಿ ಎಳೆದ ಗಾಜಿನ ದಾರವನ್ನು ಪಾಲಿಯೆಸ್ಟರ್ ರೆಸಿನ್ ಎಂಬ ಅಂಟುದ್ರವದಲ್ಲಿ ನೆನೆಸಿ ಗಟ್ಟಿಗೊಳಿಸಿದ್ದೇ ಫೈಬರ್‌ಗ್ಲಾಸ್. ಮಣ್ಣಿನ ಗೋಡೆಗೆ ಹುಲ್ಲು ಬೆರೆಸುವುದು ನಮಗೆಲ್ಲ ಗೊತ್ತು. ಮಣ್ಣು ಆಕಾರ ಕೊಡುತ್ತದೆ, ಹುಲ್ಲು ಹಿಡಿದಿಡುತ್ತದೆ. ಇಲ್ಲಿಯೂ ಹಾಗೆಯೇ. ರೆಸಿನ್ ಒಂದೇ ಆದರೆ ಅದು ಗಾಜಿನಂತೆ ಸಿಡಿಯುವ ವಸ್ತು; ಬಲವಿರುವುದು ಎಳೆಯಲ್ಲಿ.

ಅಡಿಕೆ ಹಾಳೆಯನ್ನು ನೆನೆಸಿಕೊಳ್ಳಿ. ಉದ್ದಕ್ಕೆ ಸುಲಭವಾಗಿ ಸೀಳುತ್ತದೆ, ಅಡ್ಡಕ್ಕೆ ಹರಿಯುವುದು ಕಷ್ಟ. ಏಕೆಂದರೆ ನಾರುಗಳೆಲ್ಲ ಒಂದೇ ದಿಕ್ಕಿಗಿವೆ. ವಾಹನದ ಮೈಗೆ ಬಳಸುವ ಮ್ಯಾಟ್‌ನಲ್ಲಿ ಎಳೆಗಳನ್ನು ಸುಮಾರು 2 ಅಂಗುಲದ ತುಂಡುಗಳಾಗಿ ಎಲ್ಲ ದಿಕ್ಕಿಗೂ ಚೆಲ್ಲಿರುತ್ತಾರೆ. ಹಾಗಾಗಿ ಅದರ ಬಲ ಎಲ್ಲ ದಿಕ್ಕಿಗೂ ಒಂದೇ. ಹೊರಮೈಯಲ್ಲಿ ಮಾತ್ರ ಎಳೆಯಿಲ್ಲದ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಬಣ್ಣದ ರೆಸಿನ್ ಪದರ ಇರುತ್ತದೆ. ಇದಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ಹೊಳಪು ಕೊಡುವುದು, ನೀರು ತಡೆಯುವುದು ಇದರ ಕೆಲಸ.

ಮೋಟಾರು ವಾಹನಗಳಿಗೆ ಈ ವಸ್ತು ಹೊಸದಲ್ಲ. ಅಮೆರಿಕದಲ್ಲಿ 1953ರಲ್ಲಿ ಹೊರಬಂದ ಷೆವ್ರೊಲೆ ಕಾರ್ವೆಟ್ ಕಾರಿನ ಮೈ ಫೈಬರ್‌ಗ್ಲಾಸಿನದು. ನಮ್ಮ ಬೆಂಗಳೂರಿನಲ್ಲೇ 1970ರ ದಶಕದಲ್ಲಿ ಬಾದಲ್ ಎಂಬ ಮೂರು ಚಕ್ರದ ಫೈಬರ್ ಕಾರು ತಯಾರಾಗಿತ್ತು. 1980ರ ದಶಕದಲ್ಲಿ ಅಲ್ಲಿಯ ಸಿಪಾನಿ ಸಂಸ್ಥೆ ಡಾಲ್ಫಿನ್ ಎಂಬ ಕಾರನ್ನು ತಯಾರಿಸಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮಾದರಿಯ ಇದಕ್ಕೆ 848 ಸಿ.ಸಿ. ಎಂಜಿನು, ಉಕ್ಕಿನ ಚಾಸಿಯ ಮೇಲೆ ಫೈಬರ್‌ಗ್ಲಾಸ್ ಮೈ. ಈ ಕಾರುಗಳ ತಯಾರಿಕೆ ನಿಂತು ವರ್ಷಗಳಾದವು. ಹಳೆಯದೊಂದನ್ನು ಜೋಪಾನವಾಗಿ ಇಟ್ಟುಕೊಂಡವರಿಗೂ ಜೀಪಿನ ಟಾಪ್ ಇರುವವರಿಗೂ ದುರಸ್ತಿಯ ಕ್ರಮ ಒಂದೇ.

ಒಂದು ಎಚ್ಚರಿಕೆ. ಈಗಿನ ಕಾರುಗಳ ಬಂಪರನ್ನು ಜನ ಫೈಬರ್ ಎಂದೇ ಕರೆಯುತ್ತಾರೆ. ಅವು ಬಹುಮಟ್ಟಿಗೆ ಬರೀ ಪ್ಲಾಸ್ಟಿಕ್. ಒಳಬದಿಯಲ್ಲಿ ಪಿಪಿ ಎಂಬ ಅರ್ಥದ ಇಂಗ್ಲಿಷ್ ಅಕ್ಷರಗಳನ್ನು ಅಚ್ಚೊತ್ತಿದ್ದರೆ ಅದು ಪಾಲಿಪ್ರೊಪಿಲೀನ್. ಅದಕ್ಕೆ ಪಾಲಿಯೆಸ್ಟರ್ ರೆಸಿನ್ ಹಿಡಿಯುವುದಿಲ್ಲ. ಸಂಶಯವಿದ್ದರೆ ಮರೆಯ ಜಾಗದಲ್ಲಿ ಉಪ್ಪುಕಾಗದದಿಂದ ಉಜ್ಜಿ ನೋಡಿ. ಫೈಬರ್‌ಗ್ಲಾಸ್ ಆದರೆ ಬಿಳಿಯ ಒಣಪುಡಿ ಉದುರಿ ಗಾಜಿನ ಎಳೆ ಕಾಣುತ್ತದೆ; ಪ್ಲಾಸ್ಟಿಕ್ ಆದರೆ ಮೆತ್ತಗಿನ ನೂಲಿನಂತೆ ಸುರುಳಿಯೇಳುತ್ತದೆ.

ಮೊದಲು ಬಿರುಕನ್ನು ಪರೀಕ್ಷಿಸಿ

ಗಿಡದ ಎಲೆ ಹಳದಿಯಾದರೆ ನಾವು ಕೂಡಲೇ ಗೊಬ್ಬರ ಸುರಿಯುವುದಿಲ್ಲ, ಬುಡ ನೋಡುತ್ತೇವೆ. ಇಲ್ಲಿಯೂ ಅದೇ ಕ್ರಮ.

1. ಮೇಲ್ಮೈ ಗೆರೆ: ಜೇಡರ ಬಲೆಯಂತೆ ಅಥವಾ ನಕ್ಷತ್ರದಂತೆ ಹರಡಿದ ಕೂದಲೆಳೆ ಗೆರೆಗಳು. ಇವು ಸಾಮಾನ್ಯವಾಗಿ ಜೆಲ್‌ಕೋಟಿಗೆ ಮಾತ್ರ ಸೇರಿದ್ದು. ಹಿಂದಿನಿಂದ ಏನಾದರೂ ಬಡಿದಿದ್ದರೆ, ಇಲ್ಲವೇ ಜೆಲ್‌ಕೋಟ್ ತೀರ ದಪ್ಪವಾಗಿದ್ದರೆ ಹೀಗಾಗುತ್ತದೆ.

2. ಆರಪಾರು ಬಿರುಕು: ಎರಡೂ ಕಡೆ ಕಾಣುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಬಾಯಿ ಬಿಡುತ್ತದೆ ಅಥವಾ ಕಿರುಗುಟ್ಟುತ್ತದೆ. ಇಲ್ಲಿ ಎಳೆಗಳೇ ಮುರಿದಿವೆ.

3. ಪದರ ಬಿಟ್ಟದ್ದು: ಹೊರಗೆ ಹೆಚ್ಚೇನೂ ಕಾಣದು. ಒಂದು ನಾಣ್ಯದಿಂದ ಮೆಲ್ಲನೆ ತಟ್ಟುತ್ತಾ ಬನ್ನಿ. ಗಟ್ಟಿ ಜಾಗ ಠಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಒಡಕು ಮಡಕೆಯಂತೆ ಬೊದ್ದು ಸದ್ದು ಕೊಡುತ್ತದೆ. ಆ ಜಾಗದ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿ.

ಒಳಗಡೆ ಟಾರ್ಚು ಹಿಡಿದು ಹೊರಗಿನಿಂದ ಕತ್ತಲಲ್ಲಿ ನೋಡಿದರೆ, ಬಣ್ಣ ಹೊಡೆಯದ ಭಾಗದಲ್ಲಿ ಮುರಿದ ಎಳೆಗಳು ಬೆಳ್ಳಗೆ ಕಾಣುತ್ತವೆ. ಕಣ್ಣಿಗೆ ಕಂಡ ಬಿರುಕಿಗಿಂತ ಒಳಗಿನ ಹಾನಿ ಒಂದೆರಡು ಅಂಗುಲ ಮುಂದೆ ಹೋಗಿರುವುದು ಸಾಮಾನ್ಯ.

ಇನ್ನು ಕಾರಣ. ನಾವು ಕಂಡಂತೆ ಮುಖ್ಯವಾದವು ಇವು:

ಬೋಲ್ಟಿನ ತೂತಿನಿಂದ ಹೊರಟ ಬಿರುಕಾದರೆ, ಬೋಲ್ಟು ಅತಿಯಾಗಿ ಬಿಗಿದಿದೆ, ತೂತು ತೀರ ಕಿರಿದಾಗಿದೆ ಅಥವಾ ರಬ್ಬರ್ ಸವೆದಿದೆ. ಬಾಗಿಲಿನ ತಿರುಗಣೆಯ ಬಳಿ ಬಂದರೆ, ಬಾಗಿಲು ಜೋತುಬಿದ್ದು ಒಂದೇ ಕಡೆ ಭಾರ ಬೀಳುತ್ತಿದೆ. ಟಾಪಿನ ಮಧ್ಯದಲ್ಲಿ ಬಂದರೆ, ಯಾರೋ ಅದರ ಮೇಲೆ ಹತ್ತಿದ್ದಾರೆ ಅಥವಾ ಮೂಟೆ ಹೇರಿದ್ದಾರೆ. ಫೈಬರ್ ಟಾಪ್ ಮಳೆ ಬಿಸಿಲು ತಡೆಯಲು ಇರುವುದೇ ಹೊರತು ಅಡಿಕೆ ಮೂಟೆ ಹೊರಲು ಅಲ್ಲ. ಕ್ಯಾರಿಯರ್ ಬೇಕೇ ಬೇಕಿದ್ದರೆ ಅದರ ಕಾಲುಗಳು ಜೀಪಿನ ಉಕ್ಕಿನ ಮೇಲೆ ನಿಲ್ಲಬೇಕು. ಚೂಪು ಮೂಲೆಯ ಕಿಟಕಿ ಕೊರೆದಿದ್ದರೆ ಆ ಮೂಲೆಯಿಂದಲೇ ಬಿರುಕು ಹೊರಡುತ್ತದೆ, ಮೂಲೆಯನ್ನು ಉರುಟಾಗಿಸಬೇಕು.

ಕಾರಣ ಸರಿಪಡಿಸದೆ ತೇಪೆ ಹಾಕುವುದು ಗೆದ್ದಲು ಹಿಡಿದ ಕಂಬಕ್ಕೆ ಸುಣ್ಣ ಬಳಿದಂತೆ.

ಮನೆಯಲ್ಲಿ ಮಾಡಬಾರದ ಕೆಲಸ

ಮೈಯನ್ನು ಚಾಸಿಗೆ ಹಿಡಿದಿಡುವ ಜಾಗ, ಸೀಟುಬೆಲ್ಟು ಕಟ್ಟಿದ ಜಾಗ, ಸೀಟಿನ ಬುಡ, ಸ್ಟಿಯರಿಂಗು ಮತ್ತು ಪೆಡಲುಗಳ ಆಧಾರ—ಇಲ್ಲಿ ಬಿರುಕಿದ್ದರೆ ಅನುಭವಸ್ಥರ ಬಳಿಗೇ ಒಯ್ಯಬೇಕು. ಟಾಪಿನ ತೇಪೆ ಬಿಟ್ಟರೆ ಮಳೆ ಸೋರುತ್ತದೆ, ಅಷ್ಟೆ. ಸೀಟುಬೆಲ್ಟಿನ ಬುಡ ಬಿಟ್ಟರೆ ಜೀವ ಹೋಗುತ್ತದೆ.

ಬೇಕಾಗುವ ಸಾಮಗ್ರಿಗಳು

ಒಂದು ಅಡಿ ಉದ್ದದ ಆರಪಾರು ಬಿರುಕಿಗೆ ಈ ಲೆಕ್ಕ ಸಾಕು. ಟಾಪಿನ ದಪ್ಪ 3 ಮಿ.ಮೀ. ಎಂದಿಟ್ಟುಕೊಂಡಿದ್ದೇವೆ.

ಮ್ಯಾಟ್: ಚದರ ಮೀಟರಿಗೆ 450 ಗ್ರಾಂ ತೂಗುವ ಜಾತಿ, ಕಾಲು ಮೀಟರು. ಇದರ ಒಂದು ಪದರ ರೆಸಿನ್ ಕುಡಿದು ಗಟ್ಟಿಯಾದಾಗ ಸುಮಾರು 1 ಮಿ.ಮೀ. ದಪ್ಪ ಬರುತ್ತದೆ.

ಪಾಲಿಯೆಸ್ಟರ್ ರೆಸಿನ್: ಮ್ಯಾಟ್‌ನ ತೂಕದ ಎರಡರಿಂದ ಎರಡೂವರೆ ಪಟ್ಟು. ಬಳಿಯುವಾಗಿನ ನಷ್ಟವೂ ಸೇರಿ 250 ಗ್ರಾಂ ಬೇಕಾಗುತ್ತದೆ.

ಕೋಬಾಲ್ಟ್: ನೇರಳೆ ಬಣ್ಣದ ದ್ರವ. ಇದು ವೇಗವರ್ಧಕ. ಕೆಲವು ರೆಸಿನ್‌ಗಳಿಗೆ ಕಾರ್ಖಾನೆಯಲ್ಲೇ ಬೆರೆಸಿರುತ್ತಾರೆ. ಕೊಳ್ಳುವಾಗಲೇ ಅಂಗಡಿಯಲ್ಲಿ ಕೇಳಿ ತಿಳಿಯಬೇಕು.

ಕ್ಯಾಟಲಿಸ್ಟ್: ಎಂ.ಇ.ಕೆ.ಪಿ. ಎಂದು ಕರೆಯುವ ನೀರಿನಂಥ ದ್ರವ. ರೆಸಿನ್ ಗಟ್ಟಿಯಾಗುವುದು ಇದರಿಂದ.

ಇವಲ್ಲದೆ ಅಸಿಟೋನ್ ಅರ್ಧ ಲೀಟರು, ಅಗ್ಗದ ಕುಂಚ ಎರಡು, ಒರಟು ಮತ್ತು ನಯದ ಉಪ್ಪುಕಾಗದ, ಪ್ಲಾಸ್ಟಿಕ್ ಡಬ್ಬಿ, ಪಾಲಿಥೀನ್ ಹಾಳೆ, ತೆಳು ತಗಡು, ರಬ್ಬರ್ ಕೈಗವಸು, ಪಕ್ಕವೂ ಮುಚ್ಚಿದ ಕನ್ನಡಕ, ಧೂಳಿನ ಮುಖವಾಡ. ಅಳೆಯಲು ಸೂಜಿ ತೆಗೆದ ಸಿರಿಂಜು ಮತ್ತು ಗ್ರಾಂ ತೋರಿಸುವ ಅಡಿಗೆಮನೆಯ ತಕ್ಕಡಿ ಇರಲಿ. ತಕ್ಕಡಿಯನ್ನು ಆಮೇಲೆ ಅಡಿಗೆಗೆ ಬಳಸಬಾರದು.

ಔಷಧಿ ಬೆರೆಸುವ ಕ್ರಮ: ಇದನ್ನು ಎರಡು ಸಲ ಓದಿ

ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತ, ಸುಣ್ಣ ಎರಡನ್ನೂ ಬೇರೆ ಬೇರೆ ಕರಗಿಸಿ ಕ್ರಮವರಿತು ಬೆರೆಸುವುದು ನಮ್ಮ ಸದಸ್ಯರಿಗೆಲ್ಲ ರೂಢಿ. ಕ್ರಮ ತಪ್ಪಿದರೆ ದ್ರಾವಣ ಕೆಡುತ್ತದೆ, ಕೊಳೆರೋಗ ತಡೆಯುವುದಿಲ್ಲ. ಇಲ್ಲಿ ಕ್ರಮ ತಪ್ಪಿದರೆ ಕೆಡುವುದು ದ್ರಾವಣ ಮಾತ್ರವಲ್ಲ.

ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ಎರಡನ್ನೂ ನೇರವಾಗಿ ಎಂದಿಗೂ ಒಟ್ಟು ಸೇರಿಸಬಾರದು. ಸೇರಿಸಿದರೆ ಬೆಂಕಿ ಹತ್ತಿ ಸಿಡಿಯಬಹುದು. ಒಂದೇ ಸಿರಿಂಜಿನಲ್ಲಿ ಎರಡನ್ನೂ ಅಳೆಯಬಾರದು. ಎರಡು ಬಾಟಲಿಗಳನ್ನೂ ಬೇರೆ ಬೇರೆ ಕಪಾಟಿನಲ್ಲಿಡಬೇಕು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಬೇಕು. ಕೆಲಸಕ್ಕೆ ಕೈಹಾಕುವ ಹೊತ್ತಿಗೆ ಮಾತ್ರ ಕ್ಯಾಟಲಿಸ್ಟ್ ಸೇರಿಸಬೇಕು.

ಪ್ರಮಾಣ: ಕೋಬಾಲ್ಟ್ ಹಾಕಬೇಕಾದ ರೆಸಿನ್ ಆದರೆ 100 ಗ್ರಾಂಗೆ ಸುಮಾರು 1 ಮಿ.ಲೀ. ಕೋಬಾಲ್ಟಿನ ಸಾಂದ್ರತೆ ಎಲ್ಲ ಕಡೆ ಒಂದೇ ಇರುವುದಿಲ್ಲವಾದ್ದರಿಂದ ಡಬ್ಬಿಯ ಮೇಲಿನ ಸೂಚನೆಯೇ ಅಂತಿಮ. ಕ್ಯಾಟಲಿಸ್ಟ್ 100 ಗ್ರಾಂಗೆ 1ರಿಂದ ಒಂದೂವರೆ ಮಿ.ಲೀ. ಕರಾವಳಿಯ ಸೆಕೆಯಲ್ಲಿ 1, ಘಟ್ಟದ ಮೇಲಿನ ತಂಪು ದಿನದಲ್ಲಿ ಒಂದೂವರೆ. 2 ದಾಟಬಾರದು, 1ಕ್ಕಿಂತ ಇಳಿಯಲೂಬಾರದು. ಕಡಿಮೆಯಾದರೆ ರೆಸಿನ್ ಎಷ್ಟು ದಿನ ಕಾದರೂ ಪೂರ್ತಿ ಗಟ್ಟಿಯಾಗುವುದಿಲ್ಲ.

ಕ್ಯಾಟಲಿಸ್ಟ್ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ನಮ್ಮ ಶೆಡ್ಡಿನಲ್ಲಿ ಒಮ್ಮೆ ಸಿರಿಂಜು ಒತ್ತುವಾಗ ಹನಿಯೊಂದು ಸಿಡಿದು ನಮ್ಮಲ್ಲೊಬ್ಬರ ಕನ್ನಡಕದ ಗಾಜಿಗೆ ಬಿತ್ತು. ಐದು ನಿಮಿಷಕ್ಕೆ ಮುಂಚೆ ಅವರು, ಸೆಕೆಯೆಂದು ಆ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದರು. ಅಂದಿನಿಂದ ನಾವು ಎರಡು ನಿಯಮ ಮಾಡಿಕೊಂಡಿದ್ದೇವೆ. ಕನ್ನಡಕ ಹಾಕದೆ ಬಾಟಲಿಯ ಮುಚ್ಚಳ ತೆಗೆಯುವುದಿಲ್ಲ. ಕೈಗೆಟಕುವಷ್ಟು ಹತ್ತಿರ ಒಂದು ಕೊಡ ಶುದ್ಧ ನೀರಿಲ್ಲದೆ ಕೆಲಸ ಆರಂಭಿಸುವುದಿಲ್ಲ. ಕಣ್ಣಿಗೆ ಬಿದ್ದಲ್ಲಿ ಆ ಕ್ಷಣದಲ್ಲೇ ರೆಪ್ಪೆ ಬಿಡಿಸಿ ಕನಿಷ್ಠ 15 ನಿಮಿಷ ನೀರು ಹರಿಸಬೇಕು, ಅನಂತರ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಮೊದಲು ನೀರು, ಆಮೇಲೆ ಜೀಪು.

ಇತರ ಎಚ್ಚರಿಕೆಗಳು:

ಕ್ಯಾಟಲಿಸ್ಟನ್ನು ನೀರಿನ ಬಾಟಲಿಗೋ ಔಷಧಿ ಸೀಸೆಗೋ ಸುರಿದಿಡಬೇಡಿ; ತಂದ ಬಾಟಲಿಯಲ್ಲೇ ಮಕ್ಕಳ ಕೈಗೆಟಕದಂತೆ ತಂಪಾದ ಕಡೆ ಇಡಿ. ತುಕ್ಕು ಹಿಡಿದ ತಗಡು, ತಾಮ್ರ, ಹಿತ್ತಾಳೆಗೆ ಅದು ಸೋಕಬಾರದು. ಚೆಲ್ಲಿದರೆ ಮರದ ಹೊಟ್ಟಿನಿಂದಲೋ ಕಾಫಿ ಸಿಪ್ಪೆಯಿಂದಲೋ ಬಾಚಬೇಡಿ, ಬೆಂಕಿ ಹತ್ತಬಹುದು. ಒದ್ದೆ ಮರಳು ಹಾಕಿ ತೆಗೆಯಿರಿ. ಒರೆಸಿದ ಬಟ್ಟೆಯನ್ನು ನೀರಿನಲ್ಲಿ ಮುಳುಗಿಸಿಡಿ.

ರೆಸಿನ್ ಮತ್ತು ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತವೆ. ಬೀಡಿ, ಒಲೆ, ವೆಲ್ಡಿಂಗು ಹತ್ತಿರ ಬೇಡ. ಎರಡೂ ಕಡೆ ತೆರೆದ ಶೆಡ್ಡಿನಲ್ಲಿ ಕೆಲಸ ಮಾಡಿ. ಗರ್ಭಿಣಿಯರು, ಮಕ್ಕಳು ಆ ವಾಸನೆಯಿಂದ ದೂರವಿರಲಿ.

ಉಳಿದ ರೆಸಿನ್ ಡಬ್ಬಿಯಲ್ಲೇ ಬಿಸಿಯೇರಿ ಹೊಗೆಯಾಡುವುದುಂಟು. ತರಗೆಲೆಯಿಲ್ಲದ ಬರಿಯ ನೆಲದ ಮೇಲೆ ಡಬ್ಬಿಯನ್ನು ಬಯಲಲ್ಲಿಡಿ.

ಯಾವ ಕಾಲ ಒಳ್ಳೆಯದು?

ತೇವ ಈ ಕೆಲಸದ ಮೊದಲ ಶತ್ರು. ಮ್ಯಾಟ್ ತಂಡಿ ಹಿಡಿದಿದ್ದರೆ ರೆಸಿನ್ ಬೆಳ್ಳಗಾಗಿ ಹಿಡಿತ ಬಿಡುತ್ತದೆ. 15 ಡಿಗ್ರಿಗಿಂತ ತಂಪಿದ್ದರೂ ರೆಸಿನ್ ಸರಿಯಾಗಿ ಗಟ್ಟಿಯಾಗದು. ಆದ್ದರಿಂದ ದೀಪಾವಳಿ ಕಳೆದ ಮೇಲೆ ಯುಗಾದಿಯವರೆಗಿನ ಒಣ ದಿನಗಳು ಯೋಗ್ಯ. ಇದು ಕೊಯ್ಲಿನ ಗಡಿಬಿಡಿಯ ಕಾಲವೂ ಹೌದು. ಆದರೂ ಎರಡು ದಿನ ಬಿಡುವು ಮಾಡಿಕೊಳ್ಳಬೇಕು. ಮಂಜು ಕರಗಿದ ಮೇಲೆ 10 ಗಂಟೆಗೆ ಆರಂಭಿಸಿ ಮಧ್ಯಾಹ್ನ 3ರೊಳಗೆ ಮುಗಿಸಿ. ಎದುರು ಬಿಸಿಲು ಬೇಡ, ನೆರಳಿರಲಿ.

ಮಳೆಗಾಲದ ನಡುವೆ ಬಿರುಕು ಕಂಡರೆ ಅದರ ತುದಿಯಲ್ಲಿ 3 ಮಿ.ಮೀ. ತೂತು ಕೊರೆದು, ಮೈ ಒರೆಸಿ ಒಣಗಿಸಿ, ಎರಡೂ ಕಡೆ ನೀರು ತಡೆಯುವ ಟೇಪು ಅಂಟಿಸಿ ಕಾಯಿರಿ. ಬಿರುಕು ಮುಂದೆ ಓಡದಂತೆ ಆ ತೂತು ತಡೆಯುತ್ತದೆ.

ದುರಸ್ತಿಯ ಕ್ರಮ

ಮೊದಲು ಬ್ಯಾಟರಿ ತಂತಿ ಬಿಡಿಸಿ. ಸಾಧ್ಯವಾದರೆ ಟಾಪನ್ನು ಇಳಿಸಿ ಬೋರಲು ಹಾಕಿ. ಒಳಗಿನಿಂದ ಮಾಡಿದ ದುರಸ್ತಿಯೇ ಗಟ್ಟಿ. ಕೈ ಮೇಲೆತ್ತಿ ರೆಸಿನ್ ಬಳಿಯುವ ಕಷ್ಟವೂ ತಪ್ಪುತ್ತದೆ.

1. ತೊಳೆಯುವುದು: ಸೋಪಿನ ನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ಅಸಿಟೋನ್ ಬಟ್ಟೆಯಿಂದ ಎಣ್ಣೆ, ಪಾಲಿಷು ತೆಗೆಯಿರಿ. ಉಜ್ಜುವ ಮೊದಲೇ ಇದನ್ನು ಮಾಡಬೇಕು. ಇಲ್ಲವಾದರೆ ಜಿಡ್ಡು ಗೀರಿನೊಳಕ್ಕೆ ಸೇರಿಕೊಳ್ಳುತ್ತದೆ.

2. ತುದಿ ತಡೆಯುವುದು: ಬಿರುಕಿನ ಎರಡೂ ತುದಿಗಳಾಚೆ ಗಟ್ಟಿ ಜಾಗದಲ್ಲಿ 3 ಮಿ.ಮೀ. ತೂತು ಕೊರೆಯಿರಿ.

3. ಹೊರಗಿನ ಆಧಾರ: ಮುರಿದ ಎರಡು ಅಂಚುಗಳನ್ನು ಸಮಮಟ್ಟಕ್ಕೆ ತಂದು, ಹೊರಮೈಗೆ ಪಾಲಿಥೀನ್ ಹಾಳೆ, ಅದರ ಮೇಲೆ ತೆಳು ತಗಡು ಇಟ್ಟು ಟೇಪಿನಿಂದ ಬಿಗಿಯಿರಿ. ಇದು ಅಚ್ಚಿನಂತೆ ಆಕಾರ ಹಿಡಿಯುತ್ತದೆ.

4. ಇಳಿಜಾರು ಉಜ್ಜುವುದು: ಇದೇ ಕೆಲಸದ ಜೀವಾಳ. ಒಳಬದಿಯಲ್ಲಿ ಬಿರುಕಿನ ಎರಡೂ ಕಡೆ ಇಳಿಜಾರಾಗಿ ಉಜ್ಜಬೇಕು. ಬಿರುಕಿನ ಗೆರೆಯಲ್ಲಿ ಹೊರಗಿನ ತೆಳು ಪದರ ಮಾತ್ರ ಉಳಿದು, ಹೊರಕ್ಕೆ ಹೋದಂತೆ ಪೂರ್ಣ ದಪ್ಪ ಬರಬೇಕು. ಇಳಿಜಾರಿನ ಅಗಲ ದಪ್ಪದ 12 ಪಟ್ಟಾದರೂ ಇರಬೇಕು. ಅಂದರೆ 3 ಮಿ.ಮೀ. ದಪ್ಪಕ್ಕೆ ಒಂದೊಂದು ಕಡೆ 36 ಮಿ.ಮೀ. ಹಳೆಯ ಎಳೆಗೂ ಹೊಸ ಎಳೆಗೂ ಇರುವ ಸಂಬಂಧ ಈ ಇಳಿಜಾರಿನ ಮೇಲಿನ ಅಂಟು ಮಾತ್ರ. ಅಗಲ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಬಿರುಕಿನ ಬಾಯಿಗೆ ಮಾತ್ರ ತುಂಬಿದ ಪುಟ್ಟಿಗೆ ಹಿಡಿಯಲು ಜಾಗವೇ ಇರುವುದಿಲ್ಲ. ಇಳಿಜಾರಿನ ಆಚೆಗೂ 2 ಸೆಂ.ಮೀ. ಒರಟು ಮಾಡಿ. ಉಜ್ಜುವಾಗ ಮುಖವಾಡ, ತುಂಬುತೋಳಿನ ಅಂಗಿ ಕಡ್ಡಾಯ. ಗಾಜಿನ ಪುಡಿ ಮೈಗೆ ತಾಗಿದರೆ ಉಜ್ಜದೆ ತಣ್ಣೀರಿನಿಂದ ತೊಳೆಯಬೇಕು. ಉಜ್ಜಿದರೆ ಚರ್ಮದೊಳಕ್ಕೆ ಚುಚ್ಚಿ ತುರಿಕೆ ಹೆಚ್ಚುತ್ತದೆ.

5. ಮ್ಯಾಟ್ ಸಿದ್ಧಪಡಿಸುವುದು: 4, 6, 9, 12 ಸೆಂ.ಮೀ. ಅಗಲದ ನಾಲ್ಕು ಪಟ್ಟಿಗಳು. ಉದ್ದ ಬಿರುಕಿಗಿಂತ ಎರಡೂ ಕಡೆ ಹೆಚ್ಚಿರಲಿ. ಕತ್ತರಿಸುವ ಬದಲು ಅಂಚನ್ನು ಕೈಯಿಂದ ಹರಿದರೆ ಎಳೆಗಳು ಹರಡಿ ಪಕ್ಕದ ಮೈಗೆ ಚೆನ್ನಾಗಿ ಬೆರೆಯುತ್ತವೆ.

6. ಪರೀಕ್ಷೆ: ಮೊದಲು 50 ಗ್ರಾಂ ರೆಸಿನ್ ಮಾತ್ರ ಬೆರೆಸಿ ಎಷ್ಟು ಹೊತ್ತಿಗೆ ಲೋಳೆಯಾಗುತ್ತದೆ ನೋಡಿ. 15ರಿಂದ 30 ನಿಮಿಷ ಸರಿಯಾದ ಹದ.

7. ಹಚ್ಚುವುದು: ಅಸಿಟೋನಿನಿಂದ ಇನ್ನೊಮ್ಮೆ ಒರೆಸಿ ಆರಲು ಬಿಡಿ. ಇಳಿಜಾರಿಗೆ ಒಂದು ಕೈ ರೆಸಿನ್ ಬಳಿಯಿರಿ. 4 ಸೆಂ.ಮೀ. ಪಟ್ಟಿಯನ್ನಿಟ್ಟು ಕುಂಚದ ತುದಿಯಿಂದ ಕುಟ್ಟುತ್ತಾ ರೆಸಿನ್ ಕುಡಿಸಿ. ಬಣ್ಣ ಹೊಡೆಯುವಂತೆ ಎಳೆದರೆ ಎಳೆಗಳು ಕುಂಚದೊಡನೆ ಕಿತ್ತುಬರುತ್ತವೆ. ಬಿಳಿ ಮ್ಯಾಟ್ ಎಣ್ಣೆ ಕುಡಿದ ಕಾಗದದಂತೆ ಪಾರದರ್ಶಕವಾದಾಗ ಸಾಕಷ್ಟು ಕುಡಿದಿದೆ ಎಂದರ್ಥ. ಗುಳ್ಳೆಗಳನ್ನು ಅಂಚಿನ ಕಡೆಗೆ ತಳ್ಳಿ ಹೊರಗೆ ಹಾಕಿ. ಅನಂತರ 6, ಅನಂತರ 9. ಮೂರಕ್ಕಿಂತ ಹೆಚ್ಚು ಪದರ ಒಮ್ಮೆಗೇ ಹಾಕಿದರೆ ಬಿಸಿಯೇರಿ ಮೈ ಸೊಟ್ಟಗಾಗುತ್ತದೆ. ಮೂರು ಪದರ ಗಟ್ಟಿಯಾಗಿ ತಣಿದ ಮೇಲೆ ಅದೇ ದಿನ ನಾಲ್ಕನೆಯದನ್ನು ಹಾಕಿ. ಮೇಲ್ಮೈ ಅಂಟಂಟಾಗಿರುವುದು ದೋಷವಲ್ಲ. ಗಾಳಿ ತಾಗಿದ ಪಾಲಿಯೆಸ್ಟರ್ ಮೇಲ್ಮೈ ಹಾಗೆಯೇ ಇರುತ್ತದೆ, ಮುಂದಿನ ಪದರ ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ.

8. ಅಂಚು ಕತ್ತರಿಸುವುದು: ರೆಸಿನ್ ಬೆಲ್ಲದ ಪಾಕದಂತೆ ಬಿಗಿದು ತೊಗಲಿನ ಹದಕ್ಕೆ ಬಂದಾಗ ಹೆಚ್ಚಿನ ಮ್ಯಾಟನ್ನು ಬ್ಲೇಡಿನಿಂದ ಸುಲಭವಾಗಿ ಕೊಯ್ಯಬಹುದು. ಆ ಹದ ಮೀರಿದರೆ ಗರಗಸವೇ ಬೇಕು.

9. ವಿಶ್ರಾಂತಿ: 24 ಗಂಟೆ ಮುಟ್ಟಬೇಡಿ. ಪೂರ್ಣ ಬಲ ಬರಲು ಒಂದು ವಾರ ಬೇಕು. ಅಲ್ಲಿಯವರೆಗೆ ಒರಟು ರಸ್ತೆಗೆ ವಾಹನ ಇಳಿಸದಿರುವುದು ಒಳ್ಳೆಯದು.

ಹೊರಮೈ ಕೆಲಸ

ಮಾರನೆಯ ದಿನ ತಗಡು, ಪಾಲಿಥೀನ್ ತೆಗೆಯಿರಿ. ಹೊರಗೆ ಬಿರುಕಿನ ಗೆರೆಯನ್ನು ನೇಗಿಲ ಸಾಲಿನಂತೆ ತೋಡಿ, ಒಳಗಿನ ಹೊಸ ರೆಸಿನ್ ಕಾಣುವವರೆಗೆ ಹೋಗಿ. ಸಣ್ಣಗೆ ಕತ್ತರಿಸಿದ ಗಾಜಿನ ಎಳೆ ಬೆರೆಸಿದ ರೆಸಿನ್‌ನಿಂದ ತುಂಬಿ. ಗಟ್ಟಿಯಾದ ಮೇಲೆ ಸಮ ಮಾಡಿ, ಉಳಿದ ತಗ್ಗಿಗೆ ಮಾತ್ರ ತೆಳುವಾಗಿ ಪುಟ್ಟಿ ಹಚ್ಚಿ. ಪುಟ್ಟಿಯ ಸ್ಥಾನ ಇಲ್ಲಿ, ಇಷ್ಟೇ. ಅದರಲ್ಲಿರುವ ಪುಡಿ ನೀರು ಹೀರುವುದರಿಂದ ಅದನ್ನು ಬಣ್ಣವಿಲ್ಲದೆ ಮಳೆಗೆ ಒಡ್ಡಬಾರದು.

80, 120, 220, ಕೊನೆಗೆ 400 ನಂಬರಿನ ಉಪ್ಪುಕಾಗದದಿಂದ ಕ್ರಮವಾಗಿ ಉಜ್ಜಿ ಪ್ರೈಮರ್, ಬಣ್ಣ ಹೊಡೆಯಿರಿ. ಬಣ್ಣದ ಬದಲು ಜೆಲ್‌ಕೋಟನ್ನೇ ಹಚ್ಚುವುದಾದರೆ, ಹಚ್ಚಿದ ಕೂಡಲೇ ಗುಳ್ಳೆಯಿಲ್ಲದಂತೆ ಪಾಲಿಥೀನ್ ಹಾಳೆ ಹೊದಿಸಿ ಗಾಳಿ ತಡೆಯಬೇಕು. ಇಲ್ಲವಾದರೆ ಮೇಲ್ಮೈ ಅಂಟಾಗಿಯೇ ಉಳಿಯುತ್ತದೆ.

ಬಲೆಯಂಥ ಮೇಲ್ಮೈ ಗೆರೆಗಳಿಗೆ ಇಷ್ಟೆಲ್ಲ ಬೇಡ. ಹಿಂಬದಿ ಗಟ್ಟಿಯಾಗಿದೆಯೆಂದು ಖಚಿತವಾದರೆ, ಗೆರೆ ಮಾಯವಾಗುವವರೆಗೆ ಜೆಲ್‌ಕೋಟನ್ನು ತೋಡಿ ಹೊಸ ಜೆಲ್‌ಕೋಟ್ ತುಂಬಿದರೆ ಸಾಕು. ಬರೀ ಬಣ್ಣ ಹೊಡೆದರೆ ಗೆರೆ ಮತ್ತೆ ಮೇಲೆ ಬರುತ್ತದೆ.

ಎಪಾಕ್ಸಿ ಬಳಸಬಹುದೇ?

ಬಳಸಬಹುದು. ಹಳೆಯ ಮೈಗೆ ಎಪಾಕ್ಸಿಯ ಹಿಡಿತ ಪಾಲಿಯೆಸ್ಟರಿಗಿಂತ ಉತ್ತಮ, ಬೆಲೆಯೂ ಹೆಚ್ಚು. ಆದರೆ ಸಾಮಾನ್ಯ ಮ್ಯಾಟ್‌ನ ಎಳೆಗಳನ್ನು ಹಿಡಿದಿಟ್ಟ ಅಂಟು ಎಪಾಕ್ಸಿಯಲ್ಲಿ ಸರಿಯಾಗಿ ಕರಗುವುದಿಲ್ಲ. ಅದಕ್ಕೆ ನೇಯ್ದ ಗಾಜಿನ ಬಟ್ಟೆಯೇ ಬೇಕು. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಸರಿಯಾಗಿ ಗಟ್ಟಿಯಾಗದು, ಬಣ್ಣವನ್ನೇ ಹೊಡೆಯಬೇಕು. ಎಪಾಕ್ಸಿಗೆ ಅದರದೇ ಹಾರ್ಡನರ್ ಇದೆ, ಅದರ ಅಳತೆಯೂ ಬೇರೆ. ಎಂ.ಇ.ಕೆ.ಪಿ. ಅದಕ್ಕೆ ಸಲ್ಲದು.

ಮತ್ತೆ ಕೂರಿಸುವಾಗ

ಬೋಲ್ಟಿನ ತೂತನ್ನು ಬೋಲ್ಟಿಗಿಂತ ಒಂದೆರಡು ಮಿ.ಮೀ. ದೊಡ್ಡದು ಮಾಡಿ. ಎರಡೂ ಕಡೆ ರಬ್ಬರ್ ವಾಷರ್, ಅದರ ಮೇಲೆ ಅಗಲವಾದ ಉಕ್ಕಿನ ವಾಷರ್ ಹಾಕಿ. ರಬ್ಬರ್ ತುಸು ಅದುಮಿದ ಕೂಡಲೇ ಬಿಗಿಯುವುದನ್ನು ನಿಲ್ಲಿಸಿ ಲಾಕ್‌ನಟ್ ಹಾಕಿ. ದೀಪ ಕೂರಿಸಿದ್ದರೆ ಅದರ ಅರ್ಥ್ ತಂತಿಯನ್ನು ಮರೆಯದೆ ಚಾಸಿಗೆ ಸೇರಿಸಿ. ಫೈಬರ್ ಮೈಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಆರು ತಿಂಗಳಿಗೊಮ್ಮೆ ಈ ರಬ್ಬರುಗಳನ್ನು ನೋಡಿಕೊಂಡರೆ ಮೇಲೆ ಹೇಳಿದ ಕೆಲಸದ ಬಹುಪಾಲು ಬಾರದೇ ಹೋಗುತ್ತದೆ. ನಮ್ಮ ಮೂಲೆಯ ಬಿರುಕಿಗೆ ಎರಡು ಸಲ ರೆಸಿನ್ ಸುರಿದದ್ದಕ್ಕಿಂತ, ಮೂರನೆಯ ಸಲ ಹಾಕಿದ ಆ ಒಂದು ರಬ್ಬರ್ ವಾಷರ್ ಹೆಚ್ಚು ಕೆಲಸ ಮಾಡಿತು.

ಹೊಸಬರು ಮೊದಲು ಒಡೆದ ಬೇಡವಾದ ಫೈಬರ್ ತುಂಡಿನ ಮೇಲೆ ಕೈ ಪಳಗಿಸಿಕೊಳ್ಳಲಿ. ಮುಂದಿನ ಮುಂಗಾರಿಗೆ ಮುನ್ನ ತಮ್ಮ ಟಾಪು, ಬಾಗಿಲುಗಳನ್ನು ನಾಣ್ಯದಿಂದ ಒಮ್ಮೆ ತಟ್ಟಿ ನೋಡಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ. ದುರಸ್ತಿ ಮಾಡಿದವರು ತಮ್ಮ ಅನುಭವವನ್ನು, ಸೋತದ್ದನ್ನೂ ಸೇರಿಸಿ ಬರೆದು ತಿಳಿಸಿದರೆ ಇತರ ಸದಸ್ಯರಿಗೂ ಉಪಕಾರವಾಗುತ್ತದೆ.